ಮೋಟಾರಿನ ಒಂದು ಸುತ್ತಿಗೆ ಎಷ್ಟು ಎಂ.ಎಂ.?

ಮನೆಯ ಹಿಂದಿನ ಶೆಡ್ಡಿನಲ್ಲೋ ಮರಗೆಲಸದ ಅಂಗಡಿಯ ಮೂಲೆಯಲ್ಲೋ ಸ್ವಂತ ಕೈಯಿಂದ, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಒಂದು ಸಿ.ಎನ್.ಸಿ. ಯಂತ್ರ ಕಟ್ಟಿಕೊಳ್ಳಬೇಕೆಂಬ ಆಸೆ ಈಗ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗಷ್ಟೇ ಸೀಮಿತವಲ್ಲ. ಬಾಗಿಲಿಗೆ, ದೇವರ ಮಂಟಪಕ್ಕೆ ಕೆತ್ತನೆ ಮಾಡುವ ಬಡಗಿಗಳು, ನಾಮಫಲಕ ಮಾಡುವವರು, ಕೆಲಸದಿಂದ ನಿವೃತ್ತರಾದ ಟರ್ನರುಗಳು, ಎಲ್ಲರೂ ಈ ದಾರಿಗೆ ಬಂದಿದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಬಾಲ್ ಸ್ಕ್ರೂ ಹಾಕಲಿ? ಹದಿನಾರು ಎಂ.ಎಂ. ಸಾಕೋ, ಇಪ್ಪತ್ತೈದು ಬೇಕೋ? ಅದರ ಬೆನ್ನಿಗೇ ಎರಡನೆಯದು: ಮೋಟಾರನ್ನು ಸ್ಕ್ರೂವಿಗೆ ನೇರವಾಗಿ ಜೋಡಿಸಲೋ, ಬೆಲ್ಟು ಪುಲ್ಲಿ ಹಾಕಿ ಸುತ್ತು ತಗ್ಗಿಸುವ ರಿಡಕ್ಷನ್ ಕೊಡಲೋ?

ಇವು ಎರಡು ಪ್ರಶ್ನೆಗಳಲ್ಲ, ಒಂದೇ. ಮೋಟಾರು ಒಂದು ಸುತ್ತು ತಿರುಗಿದಾಗ ಮೇಜು ಎಷ್ಟು ಎಂ.ಎಂ. ಸರಿಯಬೇಕು? ಇದೇ ಆ ಪ್ರಶ್ನೆ. ಸ್ಕ್ರೂ ಒಂದು ಸುತ್ತಿಗೆ ಸರಿಸುವ ದೂರ, ಅಂದರೆ ಅದರ ಲೀಡು, ಮತ್ತು ಪುಲ್ಲಿಗಳ ಅನುಪಾತ ಎರಡೂ ಸೇರಿ ಈ ಒಂದು ಅಂಕಿಯನ್ನು ಕೊಡುತ್ತವೆ. ಅದನ್ನು ಮೊದಲು ಗೊತ್ತುಮಾಡಿಕೊಂಡವರಿಗೆ ಉಳಿದದ್ದು ಲೆಕ್ಕದ ಕೆಲಸ. ಅದನ್ನು ಬಿಟ್ಟು ಸ್ಕ್ರೂ ಕೊಂಡುಬಂದವರು ಆಮೇಲೆ ಯಂತ್ರವನ್ನು ಸ್ಕ್ರೂವಿಗೆ ಹೊಂದಿಸಿಕೊಳ್ಳುತ್ತಾ ಹೋಗುತ್ತಾರೆ. ಇವತ್ತು ಆ ಲೆಕ್ಕವನ್ನು ನಿಮ್ಮೊಂದಿಗೆ ಮಾಡುತ್ತೇನೆ. ಕೈಗೆಟಕುವಲ್ಲಿ ಕಾಗದ ಪೆನ್ಸಿಲ್ ಇದ್ದರೆ ಒಳ್ಳೆಯದು.

ಮೊದಲು ಬಾಲ್ ಸ್ಕ್ರೂ ಏಕೆ ಬೇಕು ಎಂಬುದನ್ನು ನೋಡೋಣ. ಹಳೆಯ ಲೇತಿನ ಮುಂದೆ ನಿಂತ ಟರ್ನರನನ್ನು ನೆನೆಸಿಕೊಳ್ಳಿ. ಲೇತಿನ ಸ್ಕ್ರೂವಿನಲ್ಲಿ ಸ್ವಲ್ಪ ಪ್ಲೇ ಇದ್ದೇ ಇರುತ್ತದೆ. ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದರೆ ಕಾಲು ಸುತ್ತು ಸುಮ್ಮನೆ ಹೋಗುತ್ತದೆ, ಮೇಜು ಅಲುಗುವುದಿಲ್ಲ. ಟರ್ನರನಿಗೆ ಅದು ಕೈಯಲ್ಲೇ ಗೊತ್ತು. ಆತ ಯಾವಾಗಲೂ ಒಂದೇ ಕಡೆಯಿಂದ ಬಂದು ಅಳತೆ ಮುಟ್ಟಿಸುತ್ತಾನೆ. ಕಂಪ್ಯೂಟರಿಗೆ ಆ ಕೈ ಇಲ್ಲ. ಒಂದು ವೃತ್ತ ಕೊರೆ ಎಂದರೆ ಅದು ಪ್ರತಿ ದಿಕ್ಕನ್ನೂ ಎರಡೆರಡು ಬಾರಿ ತಿರುವಿ ಹಾಕುತ್ತದೆ. ಸ್ಕ್ರೂವಿನಲ್ಲಿ ಪ್ಲೇ ಇದ್ದರೆ ವೃತ್ತದ ನಾಲ್ಕು ಕಡೆ, ಗಡಿಯಾರದ ಹನ್ನೆರಡು, ಮೂರು, ಆರು, ಒಂಬತ್ತು ಗಂಟೆಯ ಜಾಗದಲ್ಲಿ, ಚಪ್ಪಟೆ ಗುರುತು ಬೀಳುತ್ತದೆ. ಬೆರಳಾಡಿಸಿದರೂ ಗೊತ್ತಾಗುತ್ತದೆ.

ಬಾಲ್ ಸ್ಕ್ರೂವಿನಲ್ಲಿ ನಟ್ಟಿಗೂ ಸ್ಕ್ರೂವಿಗೂ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ಒಂದು ತುದಿ ತಲುಪಿದ ಗುಂಡು ನಟ್ಟಿನೊಳಗಿನ ದಾರಿಯಿಂದ ಮತ್ತೆ ಮೊದಲಿಗೆ ಬರುತ್ತದೆ. ಉಜ್ಜುವ ಬದಲು ಉರುಳುವುದರಿಂದ, ಹಾಕಿದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಕೆಲಸಕ್ಕೆ ಸಿಗುತ್ತದೆ. ಸಾದಾ ಟ್ರೆಪಿಜಾಯಿಡಲ್ ಸ್ಕ್ರೂವಿನಲ್ಲಿ ಅರ್ಧ ಸಿಕ್ಕರೂ ಹೆಚ್ಚು. ಇದು ಹೊಸ ಆವಿಷ್ಕಾರವೇನಲ್ಲ. 1940ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಸ್ಯಾಜಿನಾ ವಿಭಾಗ ಇದನ್ನು ಕಾರಿನ ಸ್ಟಿಯರಿಂಗಿಗೆ ಹಾಕಿತ್ತು. ಸಿ.ಎನ್.ಸಿ.ಯ ಬೇರೂ ಅದೇ ದಶಕದ್ದು: ಮಿಶಿಗನ್ ರಾಜ್ಯದ ಜಾನ್ ಪಾರ್ಸನ್ಸ್, ಹೆಲಿಕಾಪ್ಟರಿನ ರೆಕ್ಕೆಗಳ ಅಳತೆಯನ್ನು ಅಂಕಿಗಳಿಂದಲೇ ಯಂತ್ರಕ್ಕೆ ಹೇಳುವ ದಾರಿ ಹುಡುಕುತ್ತಿದ್ದರು. ಆ ಕೆಲಸ ಎಂ.ಐ.ಟಿ.ಯ ಪ್ರಯೋಗಾಲಯಕ್ಕೆ ಹೋಗಿ, 1952ರಲ್ಲಿ ಅಂಕಿಗಳ ಮೇಲೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಜನರ ಮುಂದೆ ಓಡಿಸಿ ತೋರಿಸಲಾಯಿತು. ಅದರ ಮರುವರ್ಷವೇ, 1953ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. ಆಮೇಲೆ ಯಂತ್ರ ತಯಾರಿಕೆಯ ಸಂಶೋಧನಾ ಸಂಸ್ಥೆ ಸಿ.ಎಂ.ಟಿ.ಐ. ಬಂತು, ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಹಾಗಾಗಿ ಬಾಲ್ ಸ್ಕ್ರೂ ಎಂದರೆ ಏನೆಂದು ಬಲ್ಲ ಕೈಗಳಿಗೆ ಈ ಊರಿನಲ್ಲಿ ಬರವಿಲ್ಲ.

ಈಗ ಅಂಗಡಿಯ ಭಾಷೆಗೆ ಬರೋಣ. 1605 ಎಂದರೆ ವ್ಯಾಸ 16 ಎಂ.ಎಂ., ಲೀಡು 5 ಎಂ.ಎಂ. ಲೀಡು ಎಂದರೆ ಸ್ಕ್ರೂ ಒಂದು ಸುತ್ತು ತಿರುಗಿದಾಗ ನಟ್ಟು ಮುಂದೆ ಹೋಗುವ ದೂರ. 1610 ಎಂದರೆ ಅದೇ ದಪ್ಪ, ಸುತ್ತಿಗೆ 10 ಎಂ.ಎಂ. 2005, 2010, 2505 ಎಲ್ಲವನ್ನೂ ಹೀಗೇ ಓದಿಕೊಳ್ಳಿ. ಸಣ್ಣ ಕೆಲಸಕ್ಕೆ 1204 ಕೂಡ ಇದೆ: 12ರ ದಪ್ಪ, 4ರ ಲೀಡು.

ಲೆಕ್ಕಕ್ಕೆ ಒಂದು ಯಂತ್ರ ಬೇಕಲ್ಲ. ಬಡಗಿಯ ಅಂಗಡಿಗೆ ಒಪ್ಪುವ ರೌಟರ್ ತೆಗೆದುಕೊಳ್ಳೋಣ. ಅಡ್ಡಕ್ಕೆ 600, ಉದ್ದಕ್ಕೆ 1200 ಎಂ.ಎಂ. ಕೆಲಸದ ಜಾಗ, ಅಂದರೆ ಎರಡಡಿಗೆ ನಾಲ್ಕಡಿ. ಮೇಲೆ ಓಡಾಡುವ ಗ್ಯಾಂಟ್ರಿ, ಕಟರು ತಿರುಗಿಸುವ ಸ್ಪಿಂಡಲ್ ಎಲ್ಲ ಸೇರಿ 40 ಕೆ.ಜಿ. ತೇಗ, ಹಲಸು, ಎಂ.ಡಿ.ಎಫ್. ಕೊರೆಯಬೇಕು, ಒಮ್ಮೊಮ್ಮೆ ಅಲ್ಯೂಮಿನಿಯಂ.

ಲೆಕ್ಕ ಶುರುವಾಗಬೇಕಾದ್ದು ಕಟರಿನ ತುದಿಯಿಂದ. 6 ಎಂ.ಎಂ.ನ ಎರಡು ಹಲ್ಲಿನ ಕಟರು ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದೆ ಎನ್ನಿ. ಮರದಲ್ಲಿ ಪ್ರತಿ ಹಲ್ಲೂ 0.1 ಎಂ.ಎಂ. ದಪ್ಪದ ಸಿಪ್ಪೆ ತೆಗೆಯಬೇಕು. 18,000ವನ್ನು ಎರಡರಿಂದ, ಮತ್ತೆ 0.1ರಿಂದ ಗುಣಿಸಿದರೆ 3,600. ಅಂದರೆ ಯಂತ್ರ ನಿಮಿಷಕ್ಕೆ 3.6 ಮೀಟರ್ ವೇಗದಲ್ಲಿ ಮುಂದೆ ಸರಿಯಬೇಕು. ಅದಕ್ಕಿಂತ ತೀರಾ ನಿಧಾನವಾದರೆ ಕಟರು ಮರವನ್ನು ಕೊರೆಯುವುದಿಲ್ಲ, ಉಜ್ಜುತ್ತದೆ. ಮರ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ, ಕಟರಿನ ಬಾಯಿ ಹೋಗುತ್ತದೆ. ಅಲ್ಯೂಮಿನಿಯಂ ಆದರೆ ವೇಗ ಸುಮಾರು ನಿಮಿಷಕ್ಕೆ ಒಂದು ಮೀಟರಿಗೆ ಇಳಿಯುತ್ತದೆ. ಹೈಸ್ಪೀಡ್ ಸ್ಟೀಲ್ ಕಟರಿನಲ್ಲಿ ಕಬ್ಬಿಣ ಕೊರೆಯುವುದಾದರೆ 150 ಎಂ.ಎಂ.ನ ಆಸುಪಾಸು. ನೋಡಿ, ಕೊರೆಯುವ ವಸ್ತು ಬದಲಾದರೆ ಬೇಕಾದ ವೇಗ ಇಪ್ಪತ್ತು ಪಟ್ಟು ಬದಲಾಗುತ್ತದೆ. ಕಬ್ಬಿಣ ಕೊರೆಯುವ ಮಿಲ್ಲಿಂಗ್ ಯಂತ್ರದವರು ಕೊಟ್ಟ ಸಲಹೆ ರೌಟರ್ ಕಟ್ಟುವವರಿಗೆ ಹೊಂದದಿರುವುದು ಇದರಿಂದಲೇ. ನಮ್ಮ ರೌಟರಿಗೆ ಖಾಲಿ ಓಟಕ್ಕೂ ಸೇರಿಸಿ ನಿಮಿಷಕ್ಕೆ 6 ಮೀಟರ್ ಇರಲಿ.

ಇನ್ನು ಮೋಟಾರು. ಮನೆಯಲ್ಲಿ ಕಟ್ಟುವವರು ಹೆಚ್ಚಾಗಿ ಹಾಕುವುದು ನೆಮಾ 23 ಅಳತೆಯ ಸ್ಟೆಪರ್ ಮೋಟಾರು. ಒಂದು ಸುತ್ತಿಗೆ 200 ಹೆಜ್ಜೆ. ಅದರ ಲೇಬಲ್ಲಿನ ಮೇಲೆ 2 ಅಥವಾ 3 ನ್ಯೂಟನ್ ಮೀಟರ್ ಎಂದು ಬರೆದಿರುತ್ತದೆ. ಆದರೆ ಅದು ನಿಂತಲ್ಲೇ ನಿಂತಾಗಿನ ಶಕ್ತಿ. ವೇಗ ಏರಿದಂತೆ ಸ್ಟೆಪರಿನ ಶಕ್ತಿ ಕರಗುತ್ತಾ ಹೋಗುತ್ತದೆ. ನಿಮಿಷಕ್ಕೆ 600 ಸುತ್ತಿನ ಹೊತ್ತಿಗೆ ಲೇಬಲ್ಲಿನ ಅರ್ಧವೂ ಉಳಿದಿರುವುದಿಲ್ಲ. 1,000 ದಾಟಿದರೆ ನೆಚ್ಚಿಕೊಳ್ಳುವಂತಿಲ್ಲ. ಮೋಟಾರನ್ನು ನಡೆಸುವ ಡ್ರೈವರಿಗೆ ಕೊಡುವ ವೋಲ್ಟೇಜು ಹೆಚ್ಚಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಇದಕ್ಕೊಂದು ಚಾಲ್ತಿಯ ಸೂತ್ರವಿದೆ: ಮೋಟಾರಿನ ಇಂಡಕ್ಟನ್ಸನ್ನು ಮಿಲಿಹೆನ್ರಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 32ರಿಂದ ಗುಣಿಸಿ. 2.25 ಮಿಲಿಹೆನ್ರಿಯ ಮೋಟಾರಿಗೆ 48 ವೋಲ್ಟ್ ಬರುತ್ತದೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಸಿಗುವುದು ಬರೀ ಬಿಸಿ.

ಹಾಗಾದರೆ ಸ್ಟೆಪರಿನ ಒಳ್ಳೆಯ ವೇಗ 600 ಸುತ್ತು ಎಂದು ಇಟ್ಟುಕೊಳ್ಳೋಣ. ನಮಗೆ ಬೇಕಾದ್ದು ನಿಮಿಷಕ್ಕೆ 6,000 ಎಂ.ಎಂ. ಭಾಗಿಸಿದರೆ ಸುತ್ತಿಗೆ 10 ಎಂ.ಎಂ. ನಾವು ಹುಡುಕುತ್ತಿದ್ದ ಅಂಕಿ ಇದೇ. ಇದನ್ನು 10ರ ಲೀಡಿನ ಸ್ಕ್ರೂವಿಗೆ ಮೋಟಾರನ್ನು ನೇರ ಜೋಡಿಸಿ ಪಡೆಯಬಹುದು. 20ರ ಲೀಡಿಗೆ ಎರಡಕ್ಕೊಂದು ರಿಡಕ್ಷನ್ ಕೊಟ್ಟೂ ಪಡೆಯಬಹುದು. 5ರ ಲೀಡು ನೇರವಾಗಿ ಹಾಕಿದರೆ ಮೋಟಾರು 1,200 ಸುತ್ತು ತಿರುಗಬೇಕಾದೀತು. ಅಲ್ಲಿ ಸ್ಟೆಪರಿಗೆ ಉಸಿರಿರುವುದಿಲ್ಲ.

ಬಲ ಸಾಲುತ್ತದೆಯೇ ಎಂಬ ಅನುಮಾನ ಬರುವುದು ಸಹಜ. ಲೀಡು ಹೆಚ್ಚಾದರೆ ತಳ್ಳುವ ಬಲ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮೋಟಾರು ಆ ವೇಗದಲ್ಲಿ 1 ನ್ಯೂಟನ್ ಮೀಟರ್ ಕೊಡುತ್ತಿದೆ ಎಂದಿಟ್ಟುಕೊಂಡರೆ, 5ರ ಲೀಡಿನಲ್ಲಿ ಗ್ಯಾಂಟ್ರಿಗೆ ಸುಮಾರು 115 ಕೆ.ಜಿ. ತೂಕದಷ್ಟು ತಳ್ಳುವ ಬಲ ಬರುತ್ತದೆ. 10ರಲ್ಲಿ 57, 20ರಲ್ಲಿ 28. ಮರದಲ್ಲಿ 6 ಎಂ.ಎಂ. ಕಟರಿಗೆ 20 ಕೆ.ಜಿ. ಬೇಕೆಂದು ಧಾರಾಳವಾಗಿ ಹಿಡಿದರೂ 10ರ ಲೀಡಿನಲ್ಲಿ ಕೈತುಂಬ ಮಿಗುತ್ತದೆ. 115 ಕೆ.ಜಿ.ಯಿಂದ ತಳ್ಳಿದರೆ ಆ ಕಟರೇ ಮುರಿದೀತು. ಬಳಸಲಾಗದ ಬಲಕ್ಕಾಗಿ ಬೇಕಾದ ವೇಗವನ್ನು ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ.

ಸೂಕ್ಷ್ಮತೆಯ ಮಾತು ಬಂದಾಗಲೂ ಇದೇ ವಿವೇಕ ಬೇಕು. 200 ಹೆಜ್ಜೆಯ ಮೋಟಾರು 10ರ ಲೀಡಿನಲ್ಲಿ ಒಂದು ಹೆಜ್ಜೆಗೆ 50 ಮೈಕ್ರಾನ್ ಸರಿಯುತ್ತದೆ, ಒಂದು ಎಂ.ಎಂ.ನ ಇಪ್ಪತ್ತನೇ ಒಂದು ಭಾಗ. ಡ್ರೈವರಿನಲ್ಲಿ ಹೆಜ್ಜೆಯನ್ನು ಎಂಟಾಗಿ ಒಡೆದರೆ ಕಾಗದದ ಮೇಲೆ ಸುಮಾರು 6 ಮೈಕ್ರಾನ್. ಕಾಗದದ ಮೇಲೆ ಎಂದೆ. ಎಂಟರಲ್ಲಿ ಒಂದು ಭಾಗದಷ್ಟು ಸರಿಯಲು ಮೋಟಾರು ಒತ್ತುವುದು ತನ್ನ ಪೂರ್ತಿ ಶಕ್ತಿಯ ಐದನೇ ಒಂದು ಭಾಗದಿಂದ ಮಾತ್ರ. ಹದಿನಾರಾಗಿ ಒಡೆದರೆ ಹತ್ತನೇ ಒಂದು ಭಾಗ. ಗ್ಯಾಂಟ್ರಿ ಓಡುವ ರೈಲುಗಳ ಘರ್ಷಣೆ ಅದಕ್ಕಿಂತ ಹೆಚ್ಚಿದ್ದರೆ ಗ್ಯಾಂಟ್ರಿ ಕದಲುವುದೇ ಇಲ್ಲ. ನಾಲ್ಕು ಚಿಕ್ಕ ಹೆಜ್ಜೆ ಕೂಡಿಕೊಂಡು ಒಮ್ಮೆಲೇ ಜಿಗಿಯುತ್ತದೆ. ಹೆಜ್ಜೆ ಒಡೆಯುವುದರಿಂದ ಓಟ ನುಣುಪಾಗುತ್ತದೆ, ಸದ್ದು ತಗ್ಗುತ್ತದೆ. ನಿಖರತೆ ಅದರಿಂದ ಬರುವುದಿಲ್ಲ. ಮರಗೆಲಸಕ್ಕೆ 10ರ ಲೀಡಿನ ಹೆಜ್ಜೆ ಸಾಕು. ಹವೆಯ ತೇವಕ್ಕೆ ತೇಗದ ಹಲಗೆಯೇ ಅದಕ್ಕಿಂತ ಹೆಚ್ಚು ಉಬ್ಬಿ ಕುಗ್ಗುತ್ತದೆ.

ಈಗ ಉದ್ದದ ವಿಚಾರ. ಬಹಳ ಜನರ ಎಣಿಕೆ ತಪ್ಪುವುದು ಇಲ್ಲಿಯೇ. ಉದ್ದನೆಯ ಸ್ಕ್ರೂವನ್ನು ಜೋರಾಗಿ ತಿರುಗಿಸಿದರೆ ಅದು ನೆಟ್ಟಗೆ ನಿಲ್ಲುವುದಿಲ್ಲ. ಹಗ್ಗದಾಟದಲ್ಲಿ ಇಬ್ಬರು ಹಿಡಿದು ತಿರುಗಿಸುವ ಹಗ್ಗದಂತೆ ನಡುವೆ ಬಿಲ್ಲಾಗಿ ಬೀಸುತ್ತದೆ. ಮೊದಲು ಗುಂಯ್ ಎಂಬ ಸದ್ದು, ಆಮೇಲೆ ಇಡೀ ಯಂತ್ರಕ್ಕೆ ನಡುಕ. ಆ ವೇಗ ಎಷ್ಟು ಎಂಬುದಕ್ಕೆ ಬೇರಿಂಗ್ ತಯಾರಕರೂ ಸ್ಕ್ರೂ ತಯಾರಕರೂ ಬಳಸುವ ಸೂತ್ರವೊಂದಿದೆ, ಅದು ನಮ್ಮ ಕೋಟಿಯ ಎಣಿಕೆಗೆ ಚೆನ್ನಾಗಿ ಒಗ್ಗುತ್ತದೆ. ಬರೆದುಕೊಳ್ಳಿ: ಸ್ಕ್ರೂವಿನ ತೋಡಿನ ಬುಡದ ವ್ಯಾಸವನ್ನು 15.1 ಕೋಟಿಯಿಂದ ಗುಣಿಸಿ. ಬೇರಿಂಗಿನಿಂದ ಬೇರಿಂಗಿಗೆ ಇರುವ ಉದ್ದದ ವರ್ಗದಿಂದ ಭಾಗಿಸಿ. ಎರಡೂ ಅಳತೆ ಎಂ.ಎಂ.ನಲ್ಲಿರಲಿ. ಬರುವ ಉತ್ತರ ನಿಮಿಷಕ್ಕೆ ಇಷ್ಟು ಸುತ್ತು ಎಂಬ ಮಿತಿ. ಸುರಕ್ಷತೆಗೆ ಬಿಡಬೇಕಾದ ಅಂತರವೂ ಅದರಲ್ಲೇ ಸೇರಿದೆ.

ನಮ್ಮ ಉದ್ದದ ದಿಕ್ಕಿಗೆ ಹಾಕಿ ನೋಡೋಣ. 1200ರ ಓಟಕ್ಕೆ ಬೇರಿಂಗುಗಳ ನಡುವೆ 1400 ಎಂ.ಎಂ. ಆದರೂ ಬೇಕು. 16ರ ಸ್ಕ್ರೂವಿನ ಬುಡದ ವ್ಯಾಸ ಸುಮಾರು 13. ಹದಿಮೂರು ಗುಣಿಸು 15.1 ಕೋಟಿ, 196 ಕೋಟಿ. 1400ರ ವರ್ಗ 19.6 ಲಕ್ಷ. ಭಾಗಿಸಿದರೆ ಸುಮಾರು 1,000 ಸುತ್ತು. 5ರ ಲೀಡಿನಲ್ಲಿ ಇದು ನಿಮಿಷಕ್ಕೆ 5 ಮೀಟರ್. ನಮ್ಮ 6 ಮೀಟರಿಗೆ ಸಾಲದು. ಮೋಟಾರು ಎಷ್ಟೇ ಒಳ್ಳೆಯದಿರಲಿ, ಸರ್ವೋವೇ ಇರಲಿ, ಸ್ಕ್ರೂವೇ ಒಪ್ಪುವುದಿಲ್ಲ. 10ರ ಲೀಡಿನಲ್ಲಿ 6 ಮೀಟರಿಗೆ ಬೇಕಾದ್ದು 600 ಸುತ್ತು. ಆರಾಮಾಗಿ ಆಗುತ್ತದೆ.

ಆ 15.1 ಎಂಬ ಅಂಕಿ ಬೇರಿಂಗ್ ಕೂರಿಸುವ ರೀತಿಯಿಂದ ಬಂದದ್ದು. ಮೋಟಾರಿನ ಕಡೆ ಬಿ.ಕೆ. ಬ್ಲಾಕು, ಅದರೊಳಗೆ ಬಿಗಿಯಾಗಿ ಕೂತ ಜೋಡಿ ಆಂಗ್ಯುಲರ್ ಬೇರಿಂಗು. ಇನ್ನೊಂದು ತುದಿಗೆ ಬರೀ ಆಧಾರ ಕೊಡುವ ಬಿ.ಎಫ್. ಬ್ಲಾಕು. 16ರ ಸ್ಕ್ರೂವಿಗೆ ಬಿ.ಕೆ. 12, ಬಿ.ಎಫ್. 12, 20ಕ್ಕೆ 15ರ ಜೋಡಿ. ಎರಡೂ ತುದಿ ಬಿಗಿಯಾಗಿದ್ದರೆ 15.1ರ ಜಾಗದಲ್ಲಿ 21.9 ಕೋಟಿ. ಇನ್ನೊಂದು ತುದಿಯನ್ನು ಹಾಗೇ ಬಿಟ್ಟರೆ 3.4 ಕೋಟಿ, ನಮ್ಮ ಸಾವಿರ ಸುತ್ತು 225ಕ್ಕೆ ಇಳಿಯುತ್ತದೆ. ನಾಲ್ಕು ನೂರು ರೂಪಾಯಿ ಉಳಿಸಲು ಹೋಗಿ ಬಿ.ಎಫ್. ಬ್ಲಾಕು ಬಿಡುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

"ಹಾಗಿದ್ದರೆ ದಪ್ಪ ಸ್ಕ್ರೂ ಹಾಕಿದರಾಯಿತಲ್ಲ" ಎನ್ನಬಹುದು. ಗುಜರಿ ಅಂಗಡಿಗಳಲ್ಲಿ ಹಳೆಯ ಸಿ.ಎನ್.ಸಿ.ಯಿಂದ ಬಿಚ್ಚಿದ 32 ಎಂ.ಎಂ. ಸ್ಕ್ರೂಗಳು ಕಣ್ಣು ಕುಕ್ಕುತ್ತವೆ. ಗಟ್ಟಿ, ಗ್ರೈಂಡ್ ಮಾಡಿದ್ದು, ಬೆಲೆಯೂ ಅಗ್ಗ. ಕೊಳ್ಳುವ ಮುನ್ನ ಜಡತೆಯ ಲೆಕ್ಕ ನೋಡಿ. ಸ್ಕ್ರೂವೂ ತಿರುಗುವ ವಸ್ತುವೇ. ಪ್ರತಿ ಸಲ ದಿಕ್ಕು ಬದಲಾದಾಗ ಮೋಟಾರು ಅದನ್ನು ನಿಲ್ಲಿಸಿ ಮತ್ತೆ ತಿರುಗಿಸಬೇಕು. ತಿರುಗುವ ಸರಳಿನ ಜಡತೆ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ದಪ್ಪ ಇಮ್ಮಡಿಯಾದರೆ ಜಡತೆ ಹದಿನಾರು ಪಟ್ಟು.

ಲೆಕ್ಕ ಸುಲಭವಾಗಲು ಸಾಮಾನ್ಯ ನೆಮಾ 23 ಮೋಟಾರಿನ ರೋಟರಿನ ಜಡತೆಯನ್ನು ಒಂದು ಎಂದಿಟ್ಟುಕೊಳ್ಳಿ. ಒಂದು ಮೀಟರ್ ಉದ್ದದ 16ರ ಸ್ಕ್ರೂವಿನ ಜಡತೆಯೂ ಹೆಚ್ಚು ಕಡಿಮೆ ಒಂದೇ. ನಮ್ಮ ಸ್ಕ್ರೂ ತುದಿಗಳೂ ಸೇರಿ ಒಂದೂವರೆ ಮೀಟರ್, ಹಾಗಾಗಿ ಒಂದೂವರೆಗಿಂತ ತುಸು ಹೆಚ್ಚು. ಅದೇ ಉದ್ದದ 20ರದ್ದು ನಾಲ್ಕು. 25ರದ್ದು ಒಂಬತ್ತು. ಗುಜರಿಯ 32ರದ್ದು ಇಪ್ಪತ್ತೈದು! ಈಗ 40 ಕೆ.ಜಿ. ಗ್ಯಾಂಟ್ರಿಯ ಪಾಲೆಷ್ಟು? 5ರ ಲೀಡಿನ ಮೂಲಕ ನೋಡಿದರೆ ಮೋಟಾರಿಗೆ ಅದು ಬರೀ ಅರ್ಧ. ಅಂದರೆ ಕಣ್ಣಿಗೆ ಕಾಣುವ ಭಾರವಾದ ಗ್ಯಾಂಟ್ರಿಗಿಂತ, ಕೆಳಗೆ ಅಡಗಿರುವ 16 ಎಂ.ಎಂ. ಸರಳೇ ಮೋಟಾರಿಗೆ ಮೂರು ಪಟ್ಟು ಹೊರೆ. ಸ್ಟೆಪರ್ ಮೋಟಾರು ತನ್ನ ರೋಟರಿನ ಐದು ಪಟ್ಟಿನೊಳಗಿನ ಹೊರೆಯನ್ನು ಸಲೀಸಾಗಿ ಸಂಭಾಳಿಸುತ್ತದೆ. ಹತ್ತು ದಾಟಿದರೆ ಹೆಜ್ಜೆ ತಪ್ಪುತ್ತದೆ. ಸಾದಾ ಸ್ಟೆಪರಿಗೆ ಹೆಜ್ಜೆ ತಪ್ಪಿದ್ದು ಗೊತ್ತೂ ಆಗುವುದಿಲ್ಲ. ಬಾಗಿಲಿನ ಕೆತ್ತನೆ ಅರ್ಧ ಮುಗಿದ ಮೇಲೆ ಉಳಿದರ್ಧ ಎರಡು ಎಂ.ಎಂ. ಪಕ್ಕಕ್ಕೆ ಸರಿದು ಕೂತಿರುತ್ತದೆ.

ಈಗ ರಿಡಕ್ಷನ್ ವಿಚಾರಕ್ಕೆ ಬರಬಹುದು. ಅದರ ಲಾಭವೂ ಜಡತೆಯ ಲೆಕ್ಕದಲ್ಲೇ ಇದೆ. ಎರಡಕ್ಕೊಂದು ರಿಡಕ್ಷನ್ ಕೊಟ್ಟರೆ ಬಲ ಎರಡು ಪಟ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಹೊರೆಯ ಜಡತೆ ಮೋಟಾರಿಗೆ ಅರ್ಧವಾಗಿ ಅಲ್ಲ, ಕಾಲು ಭಾಗವಾಗಿ ಕಾಣುತ್ತದೆ. ಅನುಪಾತದ ವರ್ಗದಷ್ಟು ಇಳಿಯುತ್ತದೆ.

ಒಂದು ಹೋಲಿಕೆ ಮಾಡಿ ನೋಡೋಣ. ಒಂದು ಯಂತ್ರಕ್ಕೆ 1605, ಮೋಟಾರು ನೇರ. ಇನ್ನೊಂದಕ್ಕೆ 1610, ಜೊತೆಗೆ 20 ಹಲ್ಲು ಮತ್ತು 40 ಹಲ್ಲಿನ ಪುಲ್ಲಿ. ಎರಡರಲ್ಲೂ ಮೋಟಾರಿನ ಸುತ್ತಿಗೆ 5 ಎಂ.ಎಂ. ಮೊದಲನೆಯದರಲ್ಲಿ ಸ್ಕ್ರೂ, ಗ್ಯಾಂಟ್ರಿ ಸೇರಿ ಹೊರೆ ಎರಡು ಚಿಲ್ಲರೆ. ಎರಡನೆಯದರಲ್ಲಿ ಅದು ಒಂದಕ್ಕಿಂತಲೂ ಕಡಿಮೆ. ಅರ್ಧಕ್ಕಿಂತ ಹೆಚ್ಚು ಉಳಿತಾಯ! ಆದರೆ ಪುಲ್ಲಿಗಳನ್ನು ಮರೆಯುವಂತಿಲ್ಲ. 5 ಎಂ.ಎಂ. ಪಿಚ್ಚಿನ 40 ಹಲ್ಲಿನ ಪುಲ್ಲಿಯ ವ್ಯಾಸ ಸುಮಾರು 63 ಎಂ.ಎಂ. ಅಲ್ಯೂಮಿನಿಯಂನಲ್ಲಿ, 15 ಎಂ.ಎಂ. ಅಗಲಕ್ಕೆ ಮಾಡಿದರೆ ಎರಡು ಪುಲ್ಲಿ ಸೇರಿ ಒಟ್ಟು ಹೊರೆ 1.3ಕ್ಕೆ ಬರುತ್ತದೆ, ಇನ್ನೂ ಲಾಭವೇ. ಅದೇ ಪುಲ್ಲಿಗಳನ್ನು ಗಟ್ಟಿಯಾಗಿರಲಿ ಎಂದು ಕಬ್ಬಿಣದಲ್ಲಿ ಕಡೆಸಿದರೆ ಒಟ್ಟು ಮತ್ತೆ ಎರಡು ಚಿಲ್ಲರೆಗೇ ಬಂದು ನಿಲ್ಲುತ್ತದೆ. ಬೆಲ್ಟಿಗೆ, ಪುಲ್ಲಿಗೆ, ಅದನ್ನು ಬಿಗಿಯುವ ಪ್ಲೇಟಿಗೆ ಕೊಟ್ಟ ಹಣವೆಲ್ಲ ಒಂದು ಕಬ್ಬಿಣದ ಚಕ್ರದಲ್ಲಿ ಕರಗಿಹೋಯಿತು. ಪುಲ್ಲಿ ಕೊಳ್ಳುವುದಾದರೆ ಅಲ್ಯೂಮಿನಿಯಂನದೇ ಕೊಳ್ಳಿ, ದೊಡ್ಡದರ ನಡುವೆ ತೂತು ಕೊರೆದು ಹಗುರ ಮಾಡಿ. ಚಿಕ್ಕ ಪುಲ್ಲಿಯಲ್ಲಿ ಕನಿಷ್ಠ ಆರು ಹಲ್ಲಾದರೂ ಬೆಲ್ಟಿನಲ್ಲಿ ಕಚ್ಚಿಕೊಂಡಿರಬೇಕು.

ಇಷ್ಟೆಲ್ಲ ಲಾಭವಿದ್ದರೂ ಸ್ಟೆಪರ್ ಮೋಟಾರಿಗೆ ರಿಡಕ್ಷನ್ ಹೊಂದುವುದು ಅಪರೂಪ. ರಿಡಕ್ಷನ್ ಕೊಟ್ಟರೆ ಮೋಟಾರು ಎರಡು ಪಟ್ಟು ಜೋರಾಗಿ ತಿರುಗಬೇಕು. ಸ್ಟೆಪರಿಗೆ ಇಲ್ಲದಿರುವುದೇ ಆ ವೇಗ. ಇದಲ್ಲದೆ ಕಂಟ್ರೋಲರ್ ಬೋರ್ಡಿನ ಮಿತಿಯೊಂದಿದೆ. ಅರ್ಡುಯಿನೋ ಬೋರ್ಡಿನಲ್ಲಿ ಓಡುವ ಜಿಆರ್‌ಬಿಎಲ್ ಸಾಫ್ಟ್‌ವೇರು, ಮೋಟಾರಿಗೆ ಹೆಜ್ಜೆ ಹಾಕಿಸುವ ಪಲ್ಸುಗಳನ್ನು ಸೆಕೆಂಡಿಗೆ ಸುಮಾರು 30,000 ಕೊಡಬಲ್ಲದು. 1605ಕ್ಕೆ, ಎಂಟು ಭಾಗದ ಹೆಜ್ಜೆಯಲ್ಲಿ, ಒಂದು ಎಂ.ಎಂ.ಗೆ 320 ಪಲ್ಸ್ ಬೇಕು. ಗರಿಷ್ಠ ವೇಗ ನಿಮಿಷಕ್ಕೆ 5.6 ಮೀಟರ್. ಇದೇ ಸ್ಕ್ರೂವಿಗೆ ಎರಡಕ್ಕೊಂದು ಬೆಲ್ಟು ಹಾಕಿದರೆ ಎಂ.ಎಂ.ಗೆ 640 ಪಲ್ಸ್, ವೇಗ 2.8 ಮೀಟರಿಗೆ ಕುಸಿಯುತ್ತದೆ. ಮರ ಸುಡುವುದಕ್ಕೆ ಅಷ್ಟು ಸಾಕು. 1605ಕ್ಕೆ ಸ್ಟೆಪರ್ ಹಾಕಿ, ಅದರ ಮೇಲೆ ರಿಡಕ್ಷನ್ ಕೊಡುವುದು ಮರದ ರೌಟರಿಗೆ ಮೂರು ಕಡೆಯಿಂದಲೂ ನಷ್ಟ: ಮೋಟಾರು ಬಸವಳಿಯುತ್ತದೆ, ಬೋರ್ಡು ಸಾಲದಾಗುತ್ತದೆ, ಸಿಗುವ ಹೆಚ್ಚುವರಿ ಬಲಕ್ಕೆ ಕೆಲಸವಿಲ್ಲ.

ರಿಡಕ್ಷನ್ನಿಗೆ ನಿಜವಾದ ಜೋಡಿ ಸರ್ವೋ ಮೋಟಾರು. 400 ವ್ಯಾಟಿನ ಸಾಮಾನ್ಯ ಎ.ಸಿ. ಸರ್ವೋ 3,000 ಸುತ್ತಿನವರೆಗೂ 1.27 ನ್ಯೂಟನ್ ಮೀಟರನ್ನು ಒಂದೇ ಸಮ ಕೊಡುತ್ತದೆ. ಆದರೆ ನಮ್ಮ ಉದ್ದದ ಸ್ಕ್ರೂ ಸಾವಿರ ಸುತ್ತು ದಾಟುವಂತಿಲ್ಲ. ನೇರ ಜೋಡಿಸಿದರೆ ಮೋಟಾರಿನ ವೇಗದಲ್ಲಿ ಮೂರರಲ್ಲಿ ಎರಡು ಪಾಲು ವ್ಯರ್ಥ. ಎರಡಕ್ಕೊಂದು, ಮೂರಕ್ಕೊಂದು ಬೆಲ್ಟು ಹಾಕಿದರೆ ಆ ವ್ಯರ್ಥ ವೇಗವೇ ಬಲವಾಗಿ ಬದಲಾಗುತ್ತದೆ, ಜಡತೆಯೂ ಇಳಿಯುತ್ತದೆ. ಒಂದು ಮಾತಿನಲ್ಲಿ ಹೇಳುವುದಾದರೆ, ವೇಗ ಮಿಗುವ ಮೋಟಾರಿಗೆ ರಿಡಕ್ಷನ್ ಕೊಡಿ. ವೇಗ ಸಾಲದ ಮೋಟಾರಿಗೆ ಲೀಡು ಕೊಡಿ. ಎಂಟಡಿ ಪ್ಲೈವುಡ್ ಹಲಗೆ ಕೊರೆಯುವಷ್ಟು ಉದ್ದದ ಯಂತ್ರವಾದರೆ ಸ್ಕ್ರೂವಿನ ಹಂಗೇ ಬೇಡ, ರ‍್ಯಾಕು ಪಿನಿಯನ್ನಿಗೆ ಹೋಗಿ. ಅಲ್ಲಿ ರಿಡಕ್ಷನ್ ಬೇಕೇಬೇಕು. 1 ಮಾಡ್ಯೂಲಿನ 20 ಹಲ್ಲಿನ ಪಿನಿಯನ್ ಸುತ್ತಿಗೆ 62.8 ಎಂ.ಎಂ. ಓಡಿಬಿಡುತ್ತದೆ.

ಸ್ಪಿಂಡಲ್ ಮೇಲೆ ಕೆಳಗೆ ಮಾಡುವ ಜ಼ೆಡ್ ದಿಕ್ಕಿನ ನಿಯಮ ಬೇರೆ. ಬಾಲ್ ಸ್ಕ್ರೂ ಸಲೀಸಾಗಿ ಉರುಳುತ್ತದೆ, ಹಾಗಾಗಿ ನಟ್ಟನ್ನು ತಳ್ಳಿದರೆ ಸ್ಕ್ರೂವೇ ತಿರುಗುತ್ತದೆ. ಸಾದಾ ಸ್ಕ್ರೂವಿನಂತೆ ತಾನೇ ಕಚ್ಚಿ ನಿಲ್ಲುವುದಿಲ್ಲ. ಸ್ಪಿಂಡಲ್, ಅದರ ಪ್ಲೇಟು ಸೇರಿ 10 ಕೆ.ಜಿ. ಇದ್ದರೆ, 10ರ ಲೀಡಿನಲ್ಲಿ ಆ ತೂಕ ಸ್ಕ್ರೂವನ್ನು 0.14 ನ್ಯೂಟನ್ ಮೀಟರ್ ಬಲದಿಂದ ತಿರುಗಿಸುತ್ತದೆ. ಕರೆಂಟಿಲ್ಲದ ನೆಮಾ 23 ಮೋಟಾರು ಬರೀ ಆಯಸ್ಕಾಂತದಿಂದ ತಡೆಯಬಲ್ಲದ್ದು 0.1ಕ್ಕಿಂತ ಕಡಿಮೆ. ನಮ್ಮಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಹೋದ ಕೂಡಲೇ ತಿರುಗುತ್ತಿರುವ ಕಟರು ಹಲಗೆಯೊಳಗೆ ಇಳಿಯುತ್ತದೆ. ಜ಼ೆಡ್‌ಗೆ 4 ಅಥವಾ 5ರ ಲೀಡು ಹಾಕಿ. ಸ್ಪಿಂಡಲ್ ಭಾರವಿದ್ದರೆ ಬ್ರೇಕಿರುವ ಮೋಟಾರನ್ನೋ ತೂಕ ಎತ್ತಿ ಹಿಡಿಯುವ ಗ್ಯಾಸ್ ಸ್ಪ್ರಿಂಗನ್ನೋ ಕೊಡಿ.

ಕೊಳ್ಳುವಾಗಿನ ಎರಡು ಮೂರು ಎಚ್ಚರಿಕೆ. ಸ್ಕ್ರೂಗಳಿಗೆ ನಿಖರತೆಯ ದರ್ಜೆಯುಂಟು. ಸಿ 7 ದರ್ಜೆಯಲ್ಲಿ 300 ಎಂ.ಎಂ. ಓಟಕ್ಕೆ 50 ಮೈಕ್ರಾನ್ ವ್ಯತ್ಯಾಸ ಬರಬಹುದು. ಸಿ 10ರಲ್ಲಿ 210. ಮರಗೆಲಸಕ್ಕೆ ಸಿ 7 ಬೇಕಾದಷ್ಟಾಯಿತು. ಈ ತಪ್ಪು ಸಾಮಾನ್ಯವಾಗಿ ಉದ್ದಕ್ಕೂ ಒಂದೇ ತೆರನಾಗಿ ಹೋಗುವುದರಿಂದ ಸಾಫ್ಟ್‌ವೇರಿನಲ್ಲಿ ಬಹುಪಾಲು ತಿದ್ದಬಹುದು. ಪ್ಲೇ ಹಾಗಲ್ಲ, ಅದನ್ನು ಲೋಹದಲ್ಲೇ ಸರಿಪಡಿಸಬೇಕು. ಎರಡನೆಯದು, ತುದಿಗಳನ್ನು ಬಿ.ಕೆ. ಬ್ಲಾಕಿನ ಅಳತೆಗೆ ಕಡೆಸಿಯೇ ತರಿಸಿ. ಸ್ಕ್ರೂವಿನ ಮೈ ಗಟ್ಟಿಮಾಡಿದ ಉಕ್ಕು. ಪಕ್ಕದ ವರ್ಕ್‌ಶಾಪಿನ ಹೈಸ್ಪೀಡ್ ಸ್ಟೀಲ್ ಟೂಲಿಗೆ ಅದು ಜಗ್ಗುವುದಿಲ್ಲ. ಮೂರನೆಯದು, ಕುತೂಹಲಕ್ಕೆಂದು ನಟ್ಟನ್ನು ಸ್ಕ್ರೂವಿನಿಂದ ಪೂರ್ತಿ ಬಿಚ್ಚಬೇಡಿ. ಬಿಚ್ಚಲೇಬೇಕಾದರೆ ಬುಡದ ವ್ಯಾಸದಷ್ಟೇ ದಪ್ಪದ ಕೊಳವೆಯನ್ನು ತುದಿಗೆ ಒತ್ತಿ ಹಿಡಿದು ನಟ್ಟನ್ನು ಅದರ ಮೇಲಕ್ಕೆ ಸರಿಸಿ. ಇಲ್ಲದಿದ್ದರೆ ಮೂರು ಎಂ.ಎಂ.ಗಿಂತ ತುಸು ದಪ್ಪದ ಗುಂಡುಗಳೆಲ್ಲ ನೆಲದ ಪಾಲು. ಒಂದೆರಡು ಕಳೆದರೂ ನಟ್ಟು ಮೊದಲಿನಂತಿರುವುದಿಲ್ಲ.

ಯಂತ್ರ ಎದ್ದು ನಿಂತ ಮೇಲೆ ಮಾಡಬೇಕಾದ ಪರೀಕ್ಷೆಯನ್ನು ಹೇಳಿ ಮುಗಿಸುತ್ತೇನೆ. ಗ್ಯಾಂಟ್ರಿಗೆ ಡಯಲ್ ಗೇಜು ತಾಗಿಸಿ. ಒಂದು ಎಂ.ಎಂ. ಮುಂದೆ ಕಳಿಸಿ ಗೇಜನ್ನು ಸೊನ್ನೆ ಮಾಡಿ. ಆಮೇಲೆ 0.1 ಹಿಂದಕ್ಕೆ ಬಾ ಎನ್ನಿ. ಮುಳ್ಳು ಹತ್ತು ಗೆರೆಯ ಬದಲು ಏಳೇ ಗೆರೆ ಬಂದರೆ ಮೂರು ಗೆರೆ ಪ್ಲೇ. ತಕ್ಷಣ ನಟ್ಟನ್ನು ದೂರಬೇಡಿ, ಮೊದಲು ಬಿ.ಕೆ. ಬ್ಲಾಕಿನ ಲಾಕ್ ನಟ್, ಕಪ್ಲಿಂಗಿನ ಸ್ಕ್ರೂ ಬಿಗಿಯಾಗಿವೆಯೇ ನೋಡಿ. ಹೆಚ್ಚಿನ ಪ್ಲೇ ಅಡಗಿರುವುದು ಅಲ್ಲೇ. ಆಮೇಲೆ ವೇಗದ ಪರೀಕ್ಷೆ. ಖಾಲಿ ಯಂತ್ರವನ್ನು ಹಿಂದೆ ಮುಂದೆ ಓಡಿಸುತ್ತಾ ವೇಗ ಏರಿಸಿ, ಗೇಜು ಸೊನ್ನೆಗೆ ಮರಳುವುದು ಎಲ್ಲಿ ತಪ್ಪುತ್ತದೆಂದು ಗುರುತಿಸಿ. ಅದರ ಮೂರರಲ್ಲಿ ಎರಡು ಪಾಲನ್ನು ಸಾಫ್ಟ್‌ವೇರಿನಲ್ಲಿ ಗರಿಷ್ಠ ವೇಗವೆಂದು ನಮೂದಿಸಿ. ಬೇಸಿಗೆಯ ಮಧ್ಯಾಹ್ನ ಮೋಟಾರು ಕಾದಾಗ, ಗ್ರೀಸಿನಲ್ಲಿ ಮರದ ಪುಡಿ ಕೂತಾಗ ಆ ಮೂರನೇ ಪಾಲು ಕೆಲಸಕ್ಕೆ ಬರುತ್ತದೆ. ಈ ಎರಡೂ ಪರೀಕ್ಷೆ ಮುಗಿಯುವವರೆಗೆ ಮೇಜಿನ ಮೇಲೆ ಎಂ.ಡಿ.ಎಫ್. ತುಂಡು ಸಾಕು. ತೇಗದ ಹಲಗೆಯನ್ನು ಆಮೇಲೆ ಏರಿಸಿ.